ಸಿಕಲ್ ಸೆಲ್ ತಪಾಸಣಾ ಕಿಟ್‌ಗಳು: ಮೂರು ಬಗೆ, ಮೂರು ಬೇರೆ ಉತ್ತರ

ಜೂನ್ 19 ವಿಶ್ವ ಸಿಕಲ್ ಸೆಲ್ ದಿನ. ಅದು ಹತ್ತಿರ ಬಂದಂತೆ ಜಾಗೃತಿ ಶಿಬಿರದ ತಯಾರಿ ಶುರುವಾಗುತ್ತದೆ, ಜೊತೆಗೇ ಯಾವ ಕಿಟ್ ತರಿಸೋಣ ಎಂಬ ಪ್ರಶ್ನೆಯೂ. ಸಿಗುವ ಕಿಟ್‌ಗಳು ಮುಖ್ಯವಾಗಿ ಮೂರು ಬಗೆ. ರಕ್ತ ಬೆರೆಸಿದಾಗ ದ್ರಾವಣ ಕದಡುತ್ತದೆಯೇ ಎಂದು ನೋಡುವ ಹಳೆಯ ಸಾಲ್ಯುಬಿಲಿಟಿ ಕಿಟ್ ಒಂದು. ಗರ್ಭ ಪರೀಕ್ಷೆಯ ಪಟ್ಟಿಯ ಹಾಗೆ ಗೆರೆ ಮೂಡಿಸುವ ರ‍್ಯಾಪಿಡ್ ಕಿಟ್ ಇನ್ನೊಂದು. ಮೂರನೆಯದು ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಎಲೆಕ್ಟ್ರೊಫೊರೆಸಿಸ್ ಯಂತ್ರ, ಅಂದರೆ ವಿದ್ಯುತ್ ಹಾಯಿಸಿ ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸುವ ಯಂತ್ರ. ಮೂರೂ ಸಿಕಲ್ ಸೆಲ್ ಪರೀಕ್ಷೆಗಳೇ, ಆದರೆ ಅವು ಉತ್ತರಿಸುವ ಪ್ರಶ್ನೆ ಒಂದೇ ಅಲ್ಲ. ಇದು ಗೊತ್ತಿಲ್ಲದೆ ಕಿಟ್ ಕೊಂಡರೆ ಶಿಬಿರ ಮುಗಿಯುವ ಹೊತ್ತಿಗೆ ಆರೋಗ್ಯವಂತರ ಕೈಯಲ್ಲಿ ರೋಗಿಯ ಚೀಟಿ ಇರುತ್ತದೆ.

ಪರೀಕ್ಷೆ ಹುಡುಕಬೇಕಾದದ್ದು ಏನು? ಹಿಮೋಗ್ಲೋಬಿನ್‌ನ ಬೀಟಾ ಸರಪಣಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್ ಬಂದು ಕೂತಿರುತ್ತದೆ. ಇದನ್ನು ಹಿಮೋಗ್ಲೋಬಿನ್ ಎಸ್ ಅನ್ನುತ್ತಾರೆ. ಆಮ್ಲಜನಕ ಬಿಟ್ಟುಕೊಟ್ಟಾಗ ಇದು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತದೆ, ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಕ್ಕೆ ಒಡೆಯುತ್ತದೆ. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ಜೀನ್ ಬಂದಿದ್ದರೆ ರಕ್ತದಲ್ಲಿ ಸಾಮಾನ್ಯ ಎ, ಜೊತೆಗೆ ಎಸ್ ಎರಡೂ ಇರುತ್ತವೆ. ಇವರು ವಾಹಕರು, ಬರವಣಿಗೆಯಲ್ಲಿ ಎಎಸ್. ಇಬ್ಬರಿಂದಲೂ ಬಂದರೆ ಎಸ್‌ಎಸ್, ಅದು ಕಾಯಿಲೆ. ಒಂದು ಎಸ್ ಜೊತೆ ಬೀಟಾ ಥಲಸ್ಸೀಮಿಯಾ (ಬೀಟಾ ಸರಪಣಿ ಸಾಕಷ್ಟು ತಯಾರಾಗದ ದೋಷ) ಅಥವಾ ಹಿಮೋಗ್ಲೋಬಿನ್ ಸಿ ಎಂಬ ಇನ್ನೊಂದು ಬದಲಾದ ರೂಪ ಸೇರಿದರೂ ಕಾಯಿಲೆಯೇ. ಹಾಗಾಗಿ ಕಿಟ್‌ನಿಂದ ನಾವು ಕೇಳಬೇಕಾದ ಕನಿಷ್ಠ ಕೆಲಸವೆಂದರೆ ಎಎಸ್ ಮತ್ತು ಎಸ್‌ಎಸ್ ಬೇರ್ಪಡಿಸಿ ಹೇಳುವುದು. ಮೊದಲ ಬಗೆಯ ಕಿಟ್ ಇಲ್ಲೇ ಎಡವುತ್ತದೆ.

ಸಾಲ್ಯುಬಿಲಿಟಿ ಕಿಟ್

ಪೆಟ್ಟಿಗೆ ತೆರೆದರೆ ಸಿಗುವುದು ಎರಡೇ ವಸ್ತು: ಗಾಢ ಫಾಸ್ಫೇಟ್ ಬಫರ್, ಮತ್ತು ಸೋಡಿಯಂ ಡೈಥಯೋನೈಟ್ ಪುಡಿ. ಕೆಂಪು ಕಣ ಒಡೆಯಲು ಬೇಕಾದ ಸ್ಯಾಪೊನಿನ್ ಸಾಮಾನ್ಯವಾಗಿ ಇವುಗಳಲ್ಲೇ ಬೆರೆತಿರುತ್ತದೆ. ಡೈಥಯೋನೈಟ್‌ನ ಕೆಲಸ ಆಮ್ಲಜನಕವನ್ನು ಕಸಿದುಕೊಳ್ಳುವುದು. ಆಮ್ಲಜನಕ ಹೋದ ಎಸ್ ಗಾಢ ಫಾಸ್ಫೇಟ್‌ನಲ್ಲಿ ಕರಗುವುದಿಲ್ಲ, ದ್ರಾವಣ ಕದಡುತ್ತದೆ. ಎ ಕರಗಿಯೇ ಇರುತ್ತದೆ, ದ್ರಾವಣ ತಿಳಿಯಾಗಿ ಉಳಿಯುತ್ತದೆ.

ಮಾಡುವ ಕ್ರಮ ಸುಲಭ. ಪುಡಿ ಬೆರೆಸಿ ತಯಾರಿಸಿದ ದ್ರಾವಣ ಫ್ರಿಜ್‌ನಲ್ಲಿದ್ದರೆ ಹೊರಗಿಟ್ಟು ಕೋಣೆಯ ಉಷ್ಣತೆಗೆ ಬರಲು ಬಿಡಬೇಕು. 12×75 ಮಿ.ಮೀ. ಟ್ಯೂಬಿಗೆ 2 ಮಿ.ಲೀ. ಹಾಕಿ, 20 ಮೈಕ್ರೋಲೀಟರ್ ರಕ್ತ ಬೆರೆಸಿ, 5 ನಿಮಿಷ ಬಿಟ್ಟು, ಕಪ್ಪು ಗೆರೆ ಎಳೆದ ಬಿಳಿ ಕಾರ್ಡಿನಿಂದ ಎರಡೂವರೆ ಸೆಂ.ಮೀ. ಮುಂದೆ ಹಿಡಿದು ನೋಡಬೇಕು. ಗೆರೆ ಕಂಡರೆ ನೆಗೆಟಿವ್, ಕಾಣದಿದ್ದರೆ ಪಾಸಿಟಿವ್. ಪ್ರತಿ ಸರದಿಯಲ್ಲೂ ಹೋಲಿಸಿ ನೋಡುವ ಕಂಟ್ರೋಲ್ ಆಗಿ ಗೊತ್ತಿರುವ ಒಂದು ಎಎಸ್ ರಕ್ತ, ಎಸ್ ಇಲ್ಲದ ಒಂದು ಎಎ ರಕ್ತ ಪಕ್ಕದಲ್ಲಿ ಇರಲೇಬೇಕು. ಇವೆರಡನ್ನು ಬಿಟ್ಟು ನಡೆಸುವ ಶಿಬಿರದ ಫಲಿತಾಂಶಕ್ಕೆ ನಾವು ಬೆಲೆ ಕೊಡುವುದಿಲ್ಲ.

ಇದು ಕೆಡುವ ದಾರಿಗಳು ಹಲವು. ಡೈಥಯೋನೈಟ್ ಗಾಳಿ, ತೇವ ಕುಡಿದು ಸತ್ವ ಕಳೆದುಕೊಳ್ಳುತ್ತದೆ. ಆಗ ಆಮ್ಲಜನಕ ಪೂರ್ತಿ ಹೋಗುವುದಿಲ್ಲ, ಎಸ್ ಇದ್ದರೂ ದ್ರಾವಣ ತಿಳಿಯಾಗಿಯೇ ಇರುತ್ತದೆ. ಕಣ್ಣಿಗೆ ಯಾವ ದೋಷವೂ ಕಾಣುವುದಿಲ್ಲ. ಎಎಸ್ ಕಂಟ್ರೋಲ್ ಕದಡದೆ ಉಳಿದಾಗಷ್ಟೇ ಗೊತ್ತಾಗುತ್ತದೆ. ಬಾಟಲಿಯ ಮೇಲೆ ಬೆರೆಸಿದ ದಿನಾಂಕ ಬರೆಯದವರೇ ಜಾಸ್ತಿ. ತೀವ್ರ ರಕ್ತಹೀನತೆ ಇದ್ದವರಲ್ಲಿ 20 ಮೈಕ್ರೋಲೀಟರ್‌ನಲ್ಲಿ ಸಿಗುವ ಹಿಮೋಗ್ಲೋಬಿನ್ನೇ ಕಡಿಮೆ, ಹಾಗಾಗಿ ಸುಳ್ಳು ನೆಗೆಟಿವ್ ಬರುತ್ತದೆ. ಇದಕ್ಕೆ ಪರಿಹಾರವೆಂದರೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥ) ಇರುವ ಟ್ಯೂಬಿನ ರಕ್ತವನ್ನು ವೇಗವಾಗಿ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹಾಕಿ, ಕೆಳಗೆ ಕೂತ ಕಣಗಳಿಂದಲೇ 10 ಮೈಕ್ರೋಲೀಟರ್ ತೆಗೆದು ಹಾಕುವುದು. ಪ್ಲಾಸ್ಮಾದಲ್ಲಿ ಕೊಬ್ಬು ಅಥವಾ ಅಸಹಜ ಪ್ರೋಟೀನ್ ಹೆಚ್ಚಿದ್ದರೆ ಎಸ್ ಇಲ್ಲದೆಯೂ ಕದಡುತ್ತದೆ. ಕಣಗಳನ್ನಷ್ಟೇ ಬಳಸಿದರೆ ಈ ತೊಂದರೆಯೂ ತಪ್ಪುತ್ತದೆ. ಅನುಮಾನ ಬಂದ ಟ್ಯೂಬನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ ನೋಡಿ: ಎಸ್ ಇದ್ದರೆ ಮೇಲ್ಗಡೆ ಗಾಢ ಕೆಂಪು ಪಟ್ಟಿ ನಿಲ್ಲುತ್ತದೆ.

ಶಿಶುಗಳಿಗೆ ಈ ಕಿಟ್ ಬಳಸಲೇಬಾರದು. ಹುಟ್ಟಿದಾಗ ರಕ್ತದಲ್ಲಿ ಬಹುಪಾಲು ಭ್ರೂಣದ ಹಿಮೋಗ್ಲೋಬಿನ್ ಎಫ್ ಇರುತ್ತದೆ, ಎಸ್ ಇನ್ನೂ ಸ್ವಲ್ಪ. ಎಸ್ ಪ್ರಮಾಣ ಶೇ 20ಕ್ಕಿಂತ ಕೆಳಗಿದ್ದರೆ ಈ ಪರೀಕ್ಷೆಯನ್ನು ನಂಬುವ ಹಾಗಿಲ್ಲ. ಆರು ತಿಂಗಳ ಒಳಗಿನ ಮಗುವಿಗೆ "ನೆಗೆಟಿವ್" ಎಂದು ಚೀಟಿ ಕೊಟ್ಟರೆ ಆ ಮನೆಯವರು ಮತ್ತೆ ಪರೀಕ್ಷೆಗೆ ಬರುವುದಿಲ್ಲ. ಮೊದಲ ಜ್ವರ ಬಂದಾಗ ಕಾಯಿಲೆ ಇರಬಹುದೆಂಬ ಯೋಚನೆಯೂ ಯಾರಿಗೂ ಹೊಳೆಯುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಪಾಸಿಟಿವ್ ಅಂದರೆ "ಎಸ್ ಇದೆ" ಎಂದಷ್ಟೇ ಅರ್ಥ. ವಾಹಕರೋ ರೋಗಿಯೋ ಹೇಳುವುದಿಲ್ಲ. ಇದರ ಪೆಟ್ಟು ಏನೆಂದು ಅಮೆರಿಕ ಐವತ್ತು ವರ್ಷದ ಹಿಂದೆಯೇ ನೋಡಿದೆ. 1972ರಲ್ಲಿ ಸಿಕಲ್ ಸೆಲ್ ನಿಯಂತ್ರಣಕ್ಕೆಂದೇ ಅಲ್ಲಿ ಕಾನೂನು ಬಂತು. ಆ ಕಾಲದ ಸಾಮೂಹಿಕ ತಪಾಸಣೆಗಳಲ್ಲಿ ಬಳಕೆಯಾದ ಪರೀಕ್ಷೆಗಳಲ್ಲಿ ಸಾಲ್ಯುಬಿಲಿಟಿಯೂ ಒಂದು. ವಾಹಕರನ್ನು ರೋಗಿಗಳೆಂದು ತಿಳಿದು ಕೆಲಸಕ್ಕೆ ಬೇಡವೆಂದರು, ವಿಮೆ ನಿರಾಕರಿಸಿದರು. ಒಳ್ಳೆಯ ಉದ್ದೇಶದಿಂದ ಹೊರಟ ಜಾಗೃತಿ ಕೆಲಸ ಜನರಲ್ಲಿ ಪರೀಕ್ಷೆಯ ಬಗ್ಗೆಯೇ ಅಪನಂಬಿಕೆ ಬಿತ್ತಿತು.

ನಮ್ಮ ತೀರ್ಪು: ದೊಡ್ಡವರ ದೊಡ್ಡ ಗುಂಪಿನಲ್ಲಿ ಮೊದಲ ಜರಡಿಯಾಗಿ, ಪಾಸಿಟಿವ್ ಬಂದ ಎಲ್ಲರ ರಕ್ತವೂ ಎಚ್‌ಪಿಎಲ್‌ಸಿಗೆ (ಪ್ರತಿ ಹಿಮೋಗ್ಲೋಬಿನ್‌ನ ಪ್ರಮಾಣ ಅಳೆಯುವ ಪ್ರಯೋಗಾಲಯದ ಖಚಿತ ಪರೀಕ್ಷೆ) ಹೋಗುತ್ತದೆ ಎಂಬ ಖಾತ್ರಿ ಇದ್ದಾಗ ಮಾತ್ರ ಇದು ಸರಿ. ಆ ಖಾತ್ರಿ ಇಲ್ಲದಿದ್ದರೆ ಬೇಡ.

ಗೆರೆ ಮೂಡಿಸುವ ರ‍್ಯಾಪಿಡ್ ಕಿಟ್

ಇವು ಎ, ಎಸ್, ಸಿ ಹಿಮೋಗ್ಲೋಬಿನ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಪ್ರತಿಕಾಯಗಳ ಮೇಲೆ ನಡೆಯುತ್ತವೆ. ಕರೆಂಟ್ ಬೇಡ, ಯಂತ್ರ ಬೇಡ. ಎಸ್ ಕಡಿಮೆ ಇದ್ದರೂ ಹಿಡಿಯುವುದರಿಂದ ನವಜಾತ ಶಿಶುವಿಗೂ ಆಗುತ್ತದೆ. ಹೆಸರುವಾಸಿಯಾದ ಎರಡು ಕಿಟ್‌ಗಳಲ್ಲಿ ಸಿಕಲ್‌ಸ್ಕ್ಯಾನ್‌ಗೆ 5 ಮೈಕ್ರೋಲೀಟರ್ ರಕ್ತ ಸಾಕು, ಉತ್ತರ 5 ನಿಮಿಷದಲ್ಲಿ. ಹಿಮೋಟೈಪ್‌ಎಸ್‌ಸಿಗೆ 1.5 ಮೈಕ್ರೋಲೀಟರ್, 10 ನಿಮಿಷ. ಆದರೆ ಇವೆರಡನ್ನೂ ಒಂದೇ ಶಿಬಿರದ ಮೇಜಿನ ಮೇಲೆ ಇಡಬೇಡಿ. ಯಾಕೆಂದರೆ ಎರಡರ ಗೆರೆ ಓದುವ ರೀತಿ ಪೂರ್ತಿ ತಿರುವುಮುರುವು.

ಸಿಕಲ್‌ಸ್ಕ್ಯಾನ್‌ನಲ್ಲಿ ಗೆರೆ ಮೂಡಿದರೆ ಆ ಹಿಮೋಗ್ಲೋಬಿನ್ ಇದೆ. ಎ ಮತ್ತು ಎಸ್ ಎರಡೂ ಕಡೆ ಗೆರೆ ಇದ್ದರೆ ವಾಹಕ, ಎಸ್ ಒಂದೇ ಇದ್ದರೆ ಕಾಯಿಲೆಯ ಸೂಚನೆ. ಹಿಮೋಟೈಪ್‌ಎಸ್‌ಸಿ ಸ್ಪರ್ಧಾತ್ಮಕ ಮಾದರಿಯದು. ರಕ್ತದಲ್ಲಿರುವ ಹಿಮೋಗ್ಲೋಬಿನ್ ಪ್ರತಿಕಾಯವನ್ನು ಮೊದಲೇ ಹಿಡಿದುಕೊಳ್ಳುತ್ತದೆ, ಪಟ್ಟಿಯ ಮೇಲೆ ಗೆರೆ ಕಟ್ಟಲು ಏನೂ ಉಳಿಯುವುದಿಲ್ಲ. ಅಂದರೆ ಗೆರೆ ಇಲ್ಲದಿದ್ದರೆ ಆ ಹಿಮೋಗ್ಲೋಬಿನ್ ಇದೆ. ವಾಹಕರ ಪಟ್ಟಿಯಲ್ಲಿ ಎ ಜಾಗವೂ ಖಾಲಿ, ಎಸ್ ಜಾಗವೂ ಖಾಲಿ. ಹಿಮೋಗ್ಲೋಬಿನ್ ಸಿ ಗೆರೆ, ಮತ್ತು ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಮಾತ್ರ ಕಾಣುತ್ತವೆ. ಎಸ್‌ಎಸ್ ರೋಗಿಯಲ್ಲಿ ಎ ಗೆರೆ ಎದ್ದು ಕಾಣುತ್ತದೆ. ಬೇರೆ ಪಟ್ಟಿಗಳಿಗೆ ಕಣ್ಣು ಒಗ್ಗಿದ ಸಿಬ್ಬಂದಿ ಇದನ್ನು "ಎ ಇದೆ, ತೊಂದರೆ ಇಲ್ಲ" ಎಂದು ಓದಿಬಿಡುತ್ತಾರೆ. ಮೇಜಿನ ಮೇಲೆ ಮಾದರಿ ಚಿತ್ರ ಅಂಟಿಸಿ, ಇಬ್ಬರು ಬೇರೆ ಬೇರೆಯಾಗಿ ಓದಿ ಬರೆಯುವ ಪದ್ಧತಿ ಇಟ್ಟುಕೊಂಡರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ರಕ್ತದ ಅಳತೆ ತಪ್ಪಿದರೂ ಎರಡು ಮಾದರಿಗಳು ಎರಡು ರೀತಿಯಲ್ಲಿ ಮೋಸ ಮಾಡುತ್ತವೆ. ಗೆರೆ ಇದ್ದರೆ ಇದೆ ಎನ್ನುವ ಮಾದರಿಯಲ್ಲಿ ರಕ್ತ ಬಹಳ ಹೆಚ್ಚಾದರೆ ಪ್ರತಿಕಾಯಗಳು ಮುಳುಗಿಹೋಗಿ ಗೆರೆ ಮಂಕಾಗಬಹುದು. ಸ್ಪರ್ಧಾತ್ಮಕ ಮಾದರಿಯಲ್ಲಿ ರಕ್ತ ಕಡಿಮೆಯಾದರೆ ಪ್ರತಿಕಾಯ ಪೂರ್ತಿ ಭರ್ತಿಯಾಗದೆ, ಇರಬಾರದ ಗೆರೆ ಮಸುಕಾಗಿ ಮೂಡುತ್ತದೆ. ಹನಿ ಲೆಕ್ಕದಲ್ಲಿ ಕಣ್ಣಂದಾಜು ಬೇಡ. ಕಿಟ್‌ನಲ್ಲೇ ಬರುವ ಸಾಧನದಿಂದಲೇ ರಕ್ತ ತೆಗೆಯಿರಿ. ಬೆರಳು ಚುಚ್ಚುವ ಮುನ್ನ ಸ್ಪಿರಿಟ್ ಪೂರ್ತಿ ಆರಬೇಕು, ಮೊದಲ ಹನಿ ಒರೆಸಿ ಬಿಡಬೇಕು, ಬೆರಳು ಹಿಂಡಬಾರದು. ಹಿಂಡಿದರೆ ಮಾಂಸದ ನೀರು ಸೇರಿ ರಕ್ತ ತೆಳುವಾಗುತ್ತದೆ. ಕೊಳವೆಯನ್ನು ಅಡ್ಡಲಾಗಿ ಹಿಡಿದರೆ ರಕ್ತ ತಾನೇ ಏರುತ್ತದೆ. ನಡುವೆ ಗಾಳಿಗುಳ್ಳೆ ಬಂದರೆ ಹೊಸದಾಗಿ ತೆಗೆಯಿರಿ. ಶಿಶುವಿಗೆ ಬೆರಳಲ್ಲ, ಹಿಮ್ಮಡಿಯ ಅಂಚಿನ ಭಾಗ.

ಫಾಯಿಲ್ ಚೀಲವನ್ನು ಆಯಾ ವ್ಯಕ್ತಿ ಕುರ್ಚಿಯಲ್ಲಿ ಕೂತ ಮೇಲೆ ಹರಿಯಬೇಕು. ಕೆಲಸ ಬೇಗ ಆಗಲಿ ಎಂದು ಬೆಳಿಗ್ಗೆಯೇ ಐವತ್ತು ಬಿಚ್ಚಿಟ್ಟರೆ ಮಧ್ಯಾಹ್ನದ ಹೊತ್ತಿಗೆ ತೇವ ಹೀರಿದ ಪಟ್ಟಿಗಳಲ್ಲಿ ದ್ರವ ಸರಿಯಾಗಿ ಹರಿಯುವುದಿಲ್ಲ. ಸಮಯ ಮೀರಿ ಓದಿದರೆ ಒಣಗುವಾಗ ಮೂಡುವ ನೆರಳುಗೆರೆಗಳು ದಿಕ್ಕು ತಪ್ಪಿಸುತ್ತವೆ. ಒಬ್ಬರು ಒಂದು ಸರದಿಗೆ ಐದಾರು ಪಟ್ಟಿಗಿಂತ ಹೆಚ್ಚು ಶುರು ಮಾಡಬಾರದು, ಪ್ರತಿಯೊಂದರ ಮೇಲೂ ಸಂಖ್ಯೆ ಮತ್ತು ಶುರುವಾದ ಸಮಯ ಪೆನ್ನಿನಲ್ಲಿ ಬರೆದಿರಬೇಕು. ಕಂಟ್ರೋಲ್ ಗೆರೆ ಬರದ ಪಟ್ಟಿ ಅಸಿಂಧು. ಅದರಲ್ಲಿ ಬೇರೆ ಏನೇ ಕಂಡರೂ ಬರೆದುಕೊಳ್ಳಬೇಡಿ.

ಇನ್ನು ಎಷ್ಟೇ ಎಚ್ಚರಿಕೆಯಿಂದ ಮಾಡಿದರೂ ಈ ಕಿಟ್ ದಾಟಲಾರದ ಗೋಡೆಗಳು. ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡವರಲ್ಲಿ ದಾನಿಯ ಎ ಕಾಣಿಸಿಕೊಂಡು ಎಸ್‌ಎಸ್ ರೋಗಿಯೂ ವಾಹಕರಂತೆ ತೋರುತ್ತಾರೆ. ಹಾಗಾಗಿ "ಇತ್ತೀಚೆಗೆ ರಕ್ತ ಹಾಕಿಸಿದ್ದಾರಾ?" ಎಂಬುದು ನೋಂದಣಿ ಚೀಟಿಯಲ್ಲಿ ಹೆಸರಿನ ಕೆಳಗೇ ಇರಬೇಕಾದ ಪ್ರಶ್ನೆ. ಎಸ್ ಜೊತೆ ಸ್ವಲ್ಪ ಎ ತಯಾರಾಗುವ ಬಗೆಯ ಬೀಟಾ ಥಲಸ್ಸೀಮಿಯಾ ಸೇರಿದ್ದರೆ ಗೆರೆಗಳು ವಾಹಕರದ್ದೇ ಥರ ಬರುತ್ತವೆ, ವ್ಯಕ್ತಿ ಮಾತ್ರ ರೋಗಿ. ಎ ಸ್ವಲ್ಪವೂ ತಯಾರಾಗದ ಬಗೆಯಾದರೆ ಎಸ್‌ಎಸ್‌ನಂತೆಯೇ ಕಾಣುತ್ತದೆ. ಗೆರೆ ಇದೆ, ಇಲ್ಲ ಎಂದಷ್ಟೇ ಹೇಳುವ ಪಟ್ಟಿಗೆ ಪ್ರಮಾಣ ಗೊತ್ತಿಲ್ಲ. ವಾಹಕರಲ್ಲಿ ಎ ಯಾವಾಗಲೂ ಎಸ್‌ಗಿಂತ ಹೆಚ್ಚು, ಥಲಸ್ಸೀಮಿಯಾ ಸೇರಿದ ರೋಗಿಯಲ್ಲಿ ಎಸ್ ಹೆಚ್ಚು. ಈ ಲೆಕ್ಕಕ್ಕೆ ಎಚ್‌ಪಿಎಲ್‌ಸಿಯಂಥ ಪ್ರಮಾಣ ಅಳೆಯುವ ಪರೀಕ್ಷೆ ಬೇಕು. ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಎ ತೀರಾ ಕಡಿಮೆ ಇರುವುದರಿಂದ ವಾಹಕ ಮಗುವೂ ಎಸ್‌ಎಸ್ ಎಂದು ತೋರಬಹುದು. ಹಿಮೋಗ್ಲೋಬಿನ್ ಡಿ, ಇ ಎಂಬ ಇನ್ನೆರಡು ಬದಲಾದ ರೂಪಗಳಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ.

ಆದರೂ ಶಿಬಿರದ ಮಟ್ಟಿಗೆ ನಮ್ಮ ಆಯ್ಕೆ ಇದೇ ಬಗೆ. ವಾಹಕ ಮತ್ತು ರೋಗಿಯನ್ನು ಬಹುಪಾಲು ಸರಿಯಾಗಿ ಬೇರ್ಪಡಿಸುತ್ತದೆ, ತಪ್ಪುವ ಜಾಗಗಳು ಮೊದಲೇ ಗೊತ್ತಿವೆ.

ಪುಟ್ಟ ಎಲೆಕ್ಟ್ರೊಫೊರೆಸಿಸ್ ಯಂತ್ರ

ಗೆಝೆಲ್ ಎಂಬ ಹೆಸರಿನ ಯಂತ್ರ ಈ ಬಗೆಯದು. ಕಾಗದದಂಥ ಪಟ್ಟಿಯ ಮೇಲೆ ವಿದ್ಯುತ್ ಹಾಯಿಸಿ ಹಿಮೋಗ್ಲೋಬಿನ್‌ಗಳನ್ನು ಓಡಿಸುತ್ತದೆ, ಸುಮಾರು 8 ನಿಮಿಷದಲ್ಲಿ ಯಾವುದು ಎಷ್ಟು ಪಾಲು ಎಂದು ಪರದೆಯ ಮೇಲೆ ತೋರಿಸುತ್ತದೆ. ಪ್ರಮಾಣ ಸಿಗುವುದೇ ಇದರ ದೊಡ್ಡ ಗುಣ. ಓದುವವರ ಕಣ್ಣಿನ ತಪ್ಪೂ ಕಡಿಮೆ. ಕ್ಷಾರ ಬಫರಿನಲ್ಲಿ ನಡೆಯುವ ಎಲ್ಲ ಎಲೆಕ್ಟ್ರೊಫೊರೆಸಿಸ್‌ಗೂ ಇರುವ ಹಳೆಯ ಗೊಂದಲ ಇದಕ್ಕೂ ತಪ್ಪಿಲ್ಲ: ಡಿ ಬಂದು ಎಸ್ ಜಾಗದಲ್ಲೇ ನಿಲ್ಲುತ್ತದೆ, ಸಿ, ಇ ಮತ್ತು ಎಲ್ಲರಲ್ಲೂ ಸ್ವಲ್ಪ ಇರುವ ಹಿಮೋಗ್ಲೋಬಿನ್ ಎ2 ಒಂದೇ ಗುಂಪಾಗುತ್ತವೆ. ಡಿ ಇರುವ ಸಮುದಾಯಗಳಲ್ಲಿ ಯಂತ್ರದ ಜೊತೆ ಸಾಲ್ಯುಬಿಲಿಟಿ ಟ್ಯೂಬ್ ಒಂದನ್ನು ನಡೆಸಿ. ಡಿ ಕದಡುವುದಿಲ್ಲ, ಎಸ್ ಕದಡುತ್ತದೆ. ಹಳೆಯ ಕಿಟ್ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು.

ಒಂದು ಸಲಕ್ಕೆ ಒಂದೇ ಮಾದರಿ ಎಂಬುದು ಅಡಚಣೆ. 6 ಗಂಟೆಯ ಶಿಬಿರ ಅಂದರೆ 360 ನಿಮಿಷ, 8ರಿಂದ ಭಾಗಿಸಿದರೆ 45 ಜನ. ರಕ್ತ ತೆಗೆಯುವುದು, ಹೆಸರು ಬರೆಯುವುದು, ಮತ್ತೆ ಮಾಡಬೇಕಾದವು ಎಲ್ಲ ಸೇರಿದರೆ ಅದಕ್ಕೂ ಕಡಿಮೆ. ಇನ್ನೂರು ಜನರ ಶಿಬಿರಕ್ಕಿಂತ ದಿನವೂ ನಾಲ್ಕಾರು ಜನ ಬರುವ ಹೆರಿಗೆ ಆಸ್ಪತ್ರೆಗೆ, ಅಥವಾ ರ‍್ಯಾಪಿಡ್ ಕಿಟ್‌ನಲ್ಲಿ ಎಸ್ ಕಂಡವರ ಎರಡನೇ ಸುತ್ತಿಗೆ ಇದು ಹೊಂದುತ್ತದೆ.

ಕಿಟ್ ಪೆಟ್ಟಿಗೆಯಲ್ಲಿ ಇಲ್ಲದ ಎರಡು ಕಾಗದ

ಒಂದು, ಫಲಿತಾಂಶದ ಚೀಟಿ. ಬಹುತೇಕ ಚೀಟಿಗಳಲ್ಲಿ "ಪಾಸಿಟಿವ್ / ನೆಗೆಟಿವ್" ಎಂದಷ್ಟೇ ಇರುತ್ತದೆ. ಅದನ್ನು ಹರಿದು ಹಾಕಿ. ಬೇಕಾದದ್ದು "ಎಸ್ ಕಂಡಿಲ್ಲ", "ವಾಹಕ ಇರಬಹುದು", "ಕಾಯಿಲೆ ಇರಬಹುದು", "ಮತ್ತೆ ಮಾಡಬೇಕು" ಎಂಬ ನಾಲ್ಕು ಆಯ್ಕೆ. ಕೆಳಗೆ ಖಚಿತ ಪರೀಕ್ಷೆಯ ದಿನಾಂಕ, ಜಾಗ. ವಾಹಕರ ಚೀಟಿಯ ಹಿಂಬದಿಯಲ್ಲಿ ಎರಡು ಮಾತು ಇರಲಿ. ವಾಹಕತನ ಮುಂದೆ ಕಾಯಿಲೆಯಾಗಿ ಬದಲಾಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಎಎಸ್ ಆಗಿದ್ದರೆ ಪ್ರತಿ ಬಸುರಿನಲ್ಲೂ ಮಗು ಎಸ್‌ಎಸ್ ಆಗುವ ಸಾಧ್ಯತೆ ಶೇ 25, ವಾಹಕ ಆಗುವುದು ಶೇ 50, ಯಾವುದೂ ಇಲ್ಲದಿರುವುದು ಶೇ 25. "ಪ್ರತಿ ಬಸುರಿನಲ್ಲೂ" ಎಂಬ ಪದ ಬಿಟ್ಟುಹೋದರೆ ಮೊದಲ ಮಗುವಿಗೆ ಬಂದಾಯಿತು, ಮುಂದಿನ ಮೂರಕ್ಕೆ ಭಯವಿಲ್ಲ ಎಂದು ಜನ ಲೆಕ್ಕ ಹಾಕುತ್ತಾರೆ. ಲೆಕ್ಕ ಪ್ರತಿ ಸಲ ಹೊಸದು.

ಕಾಯಿಲೆ ಇರಬಹುದೆಂದು ಬಂದ ಶಿಶುವಿನ ಚೀಟಿ ಮಾತ್ರ ಮುಂದಿನ ತಿಂಗಳ ದಿನಾಂಕಕ್ಕೆ ಕಾಯಬಾರದು. ಚಿಕ್ಕ ಮಕ್ಕಳಿಗೆ ದಿನವೂ ಪೆನಿಸಿಲಿನ್ ಕೊಟ್ಟರೆ ನ್ಯುಮೊಕಾಕಸ್ ಸೋಂಕು ಬಹಳಷ್ಟು ತಪ್ಪುತ್ತದೆ ಎಂದು 1986ರಲ್ಲೇ ಪ್ರಯೋಗದಿಂದ ತಿಳಿದಿದೆ. ಇದನ್ನು ಸಾಮಾನ್ಯವಾಗಿ ಎರಡು ತಿಂಗಳ ವಯಸ್ಸಿನಿಂದಲೇ ಶುರು ಮಾಡುತ್ತಾರೆ. ಜ್ವರ ಬಂದರೆ ಮನೆಯಲ್ಲಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಗುಲ್ಮ ಊದಿದೆಯೇ ಎಂದು ಹೊಟ್ಟೆಯ ಎಡಭಾಗ ಮುಟ್ಟಿ ನೋಡಲು ತಾಯಿಗೆ ಕಲಿಸಬೇಕು. ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಔಷಧಿಯ ಕುರಿತು ವೈದ್ಯರ ಜೊತೆ ಮಾತಾಡಲು 9 ತಿಂಗಳ ವಯಸ್ಸು ತೀರಾ ಬೇಗವೇನಲ್ಲ.

ಎರಡು, ಒಪ್ಪಿಗೆ ಪತ್ರ. ಶಿಬಿರದ ಜೊತೆ ಸಂಶೋಧನೆಗೂ ನೆರವಾಗಬೇಕು ಎಂಬ ಆಸೆ ಸಹಜ, ಅಗತ್ಯವೂ ಹೌದು. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ತಿದ್ದುವ ಚಿಕಿತ್ಸೆಯ ಹಿಂದೆ ರಕ್ತ ಕೊಟ್ಟ ರೋಗಿಗಳ ದಶಕಗಳ ಸಹಕಾರವಿದೆ. ಆದರೆ ತಪಾಸಣೆಗೆ ಹಾಕಿದ ಸಹಿಯನ್ನೇ ಸಂಶೋಧನೆಗೂ ಬಳಸುವಂತಿಲ್ಲ. ಅಮೆರಿಕದ ಹವಸುಪಾಯ್ ಬುಡಕಟ್ಟಿನವರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ಕೊಟ್ಟ ರಕ್ತವನ್ನು ಬೇರೆ ಸಂಶೋಧನೆಗಳಿಗೂ ಬಳಸಿದ್ದು ನ್ಯಾಯಾಲಯದ ಮೆಟ್ಟಿಲೇರಿತು. 2010ರಲ್ಲಿ ರಾಜಿಯಾಗಿ, ಉಳಿದ ಮಾದರಿಗಳು ಬುಡಕಟ್ಟಿಗೆ ಹಿಂತಿರುಗಿದವು. ಪತ್ರದಲ್ಲಿ ನಾಲ್ಕು ಚೌಕ ಬೇರೆ ಬೇರೆ ಇರಲಿ: ಇವತ್ತಿನ ಪರೀಕ್ಷೆಗೆ ಒಪ್ಪಿಗೆ, ಉಳಿದ ರಕ್ತ ಇಟ್ಟುಕೊಳ್ಳಲು, ಯಾವ ಬಗೆಯ ಸಂಶೋಧನೆಗೆ ಎಂದು ಬರೆದು ಬಳಸಲು, ಮುಂದೆ ಮತ್ತೆ ಸಂಪರ್ಕಿಸಲು. ಮೊದಲನೆಯದಕ್ಕೆ ಮಾತ್ರ ಹೌದು ಎಂದವರ ಪರೀಕ್ಷೆಯೂ ಅದೇ ಸಾಲಿನಲ್ಲಿ, ಅದೇ ಮರ್ಯಾದೆಯಲ್ಲಿ ನಡೆಯಬೇಕು. ಹಿಂದೆ ಸರಿದರೆ ಇಟ್ಟ ಮಾದರಿ ನಾಶ ಮಾಡಬಹುದು, ಈಗಾಗಲೇ ವಿಶ್ಲೇಷಣೆಗೆ ಸೇರಿದ ಮಾಹಿತಿ ವಾಪಸ್ ತರಲಾಗದು ಎಂಬುದನ್ನೂ ಮುಚ್ಚಿಡದೆ ಬರೆಯಿರಿ.

ಸಂಶೋಧನೆಗೆ ಮಾದರಿ ಇಡಲು ಸುಲಭದ ದಾರಿ ಒಣ ರಕ್ತದ ಚುಕ್ಕೆ. ಫಿಲ್ಟರ್ ಕಾಗದದ ವೃತ್ತದೊಳಗೆ ಒಂದೇ ದೊಡ್ಡ ಹನಿ ಬಿಡಬೇಕು, ಅದು ಹಿಂಬದಿಗೂ ಒಂದೇ ಸಮ ಇಳಿದಿರಬೇಕು. ಹನಿಯ ಮೇಲೆ ಹನಿ ಹಾಕಿದರೆ ಪದರ ಕಟ್ಟಿ ಅಳತೆ ಕೆಡುತ್ತದೆ. ಕಾರ್ಡನ್ನು ಮಲಗಿಸಿಟ್ಟು ನೆರಳಿನಲ್ಲಿ ಕನಿಷ್ಠ 3-4 ಗಂಟೆ ಒಣಗಿಸಿ. ಬಿಸಿಲಿಗೆ ಇಡಬಾರದು, ಒಂದರ ಮೇಲೊಂದು ಪೇರಿಸಬಾರದು. ಆಮೇಲೆ ತೇವ ಹೀರುವ ಪೊಟ್ಟಣದ ಜೊತೆ ಚೀಲಕ್ಕೆ. ಕಾರ್ಡಿನ ಮೇಲೆ ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಸಂಖ್ಯೆಗೂ ಹೆಸರಿಗೂ ಹೊಂದಿಸುವ ಪುಸ್ತಕ ಬೇರೊಬ್ಬರ ಬೀಗದೊಳಗೆ ಇರಲಿ.

ಕೊಳ್ಳುವ ಮುನ್ನ ಲೆಕ್ಕವನ್ನು ಹಿಂದಿನಿಂದ ಮಾಡಿ. ಇರುವ ಹಣದಲ್ಲಿ ಮೊದಲು ಎಚ್‌ಪಿಎಲ್‌ಸಿ ಖರ್ಚು ತೆಗೆದಿಡಿ, ನಂತರ ಮತ್ತೆ ಮಾಡಬೇಕಾಗುವ ಪರೀಕ್ಷೆಗಳಿಗೆ ನೂರಕ್ಕೆ ಹತ್ತರಂತೆ ಹೆಚ್ಚುವರಿ ಪಟ್ಟಿ, ಉಳಿದದ್ದರಲ್ಲಿ ಎಷ್ಟು ಜನರ ತಪಾಸಣೆ ಆಗುತ್ತದೋ ಅಷ್ಟೇ ಜನರನ್ನು ಕರೆಯಿರಿ. ಪೆಟ್ಟಿಗೆ ಬಂದ ದಿನವೇ ಅವಧಿ ಮುಗಿಯುವ ದಿನಾಂಕ, ಲಾಟ್ (ತಯಾರಿಕೆಯ ತಂಡ) ಸಂಖ್ಯೆ ಬರೆದುಕೊಂಡು ಗೊತ್ತಿರುವ ಎಎ, ಎಎಸ್, ಎಸ್‌ಎಸ್ ರಕ್ತದಲ್ಲಿ ಒಂದೊಂದು ಪಟ್ಟಿ ಖರ್ಚು ಮಾಡಿ ನೋಡಿ. ಎರಡು ಲಾಟ್ ಬಂದಿದ್ದರೆ ಎರಡನ್ನೂ. ಉಳಿದ ಡೈಥಯೋನೈಟ್ ಪುಡಿಯನ್ನು ಒದ್ದೆ ಕಸದ ಬುಟ್ಟಿಗೆ ಎಸೆಯಬೇಡಿ. ಸ್ವಲ್ಪ ನೀರು ತಗುಲಿದರೆ ತಾನೇ ಕಾದು ಹೊತ್ತಿಕೊಳ್ಳುವ ಪದಾರ್ಥ ಅದು, ಒಣ ಡಬ್ಬಿಯಲ್ಲಿ ಮುಚ್ಚಿ ಪ್ರಯೋಗಾಲಯಕ್ಕೇ ಹಿಂತಿರುಗಿಸಿ.